ಒತ್ತೆಗೆ ಬಿದ್ದ ಸರ್ಕಾರಿ ಸೊಳ್ಳೆಗಳು

"ಯಾರೂ ಹತ್ತಿರ ಬರಬೇಡಿ! ಬಂದರೆ ಒಂದನ್ನೂ ಉಳಿಸುವುದಿಲ್ಲ!"

ಅಟೆಂಡರ್ ಸೇಸಪ್ಪನ ಕೈಯಲ್ಲಿ ಕೀಟನಾಶಕ ತುಂಬಿದ ಫ್ಲಿಟ್ ಪಂಪು. ಅದರ ಮೂತಿ ಅವನ ಬೆನ್ನ ಹಿಂದಿನ ಬಲೆಯ ಪಂಜರದತ್ತ.

ಪಂಜರದಲ್ಲಿ ಮಲೇರಿಯಾ ಸೊಳ್ಳೆಗಳು!

ನಗಬೇಡಿ. ಎರಡು ದೇಶಗಳ ಸರ್ಕಾರಗಳು ಹಣ ಕೊಟ್ಟು ಸಾಕಿಸಿದ ಸೊಳ್ಳೆಗಳು ಅವು. ೧೯೭೯ರಲ್ಲಿ ಕೊಟ್ಟಾರದ ನಮ್ಮ ಸಂಶೋಧನಾ ಕೇಂದ್ರದಲ್ಲಿ ಏರ್‌ಕಂಡಿಷನ್ ಇದ್ದದ್ದು ಅವುಗಳಿಗೆ ಮಾತ್ರ. ಕೇಂದ್ರದ ತಾಪತ್ರಯಗಳನ್ನು ಸದ್ದಿಲ್ಲದೆ ಮುಗಿಸುವುದು ನನ್ನ ಕೆಲಸ. ಯಾವ ಕೋಣೆಗೆ ಹೋದರೂ ಮೊದಲು ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುವುದು ನನ್ನ ಅಭ್ಯಾಸ.

ಬಾಗಿಲಾಚೆ ಬೆಂಚಿನ ಮೇಲೆ ಸೇಸಪ್ಪನ ಮಗಳು ಕುಮುದಿನಿ. ಮೈ ಕೆಂಡ... ಹಲ್ಲು ಕಟಕಟ... ಕಣ್ಣುಗುಡ್ಡೆ ಮೇಲೆ ಸರಿದಿತ್ತು.

"ಎಂತ ಬೇಕು ನಿನಗೆ?" ಎಂದೆ.

"ಜೀಪು ಅಕ್ಕಾ! ಆಸ್ಪತ್ರೆಗೆ! ಇವರು ಕೊಡುದಿಲ್ಲ!"

ಇವರು ಎಂದರೆ ಡಾಕ್ಟರ್ ಸರ್ವೋತ್ತಮ. ನಮ್ಮ ಡೈರೆಕ್ಟರ್.

"ಜೀಪು ಬಜ್ಪೆ ಏರ್‌ಪೋರ್ಟಿಗೆ ಹೋಗ್ಲಿಕ್ಕುಂಟು ಮಾರಾಯ! ಗ್ರಾಂಟು ಕೊಡುವ ಫಾರಿನ್ ಸಾಹೇಬರು ಬರ್ತಾರೆ. ಪ್ರಾಜೆಕ್ಟಿನ ಜೀಪು ಪ್ರಾಜೆಕ್ಟಿಗೆ. ನಿನ್ನ ಮಗಳು ಪ್ರಾಜೆಕ್ಟಲ್ಲಿ ಇಲ್ಲ!"

"ದಿನಾ ಪಂಜರಕ್ಕೆ ಕೈ ಹಾಕಿ ಇವಕ್ಕೆ ನನ್ನ ರಕ್ತ ಕುಡಿಸ್ತೇನೆ. ಅದು ಪ್ರಾಜೆಕ್ಟಲ್ಲಿ ಉಂಟಾ?"

ಡೈರೆಕ್ಟರ್ ಕನ್ನಡಕ ಒರೆಸಿಕೊಂಡರು.

ನಾನು ಪಂಜರ ನೋಡಿದೆ. ಅದಕ್ಕೆ ಕುಂಕುಮ... ಚೆಂಡುಹೂವಿನ ಮಾಲೆ... ಪಕ್ಕದಲ್ಲಿ ಸಾಂಬ್ರಾಣಿಯ ಬೂದಿ. ನಿನ್ನೆ ಆಯುಧ ಪೂಜೆ! ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಹೊಗೆ!

ಒಂದು ರೆಕ್ಕೆಯೂ ಅಲುಗುತ್ತಿರಲಿಲ್ಲ. ತಳದಲ್ಲಿ ಕರಿ ಎಳ್ಳು ಚೆಲ್ಲಿದ ಹಾಗಿತ್ತು.

ಒತ್ತೆಯಾಳುಗಳು ಆಗಲೇ ಸತ್ತಿದ್ದವು!

ಸೇಸಪ್ಪನಿಗೆ ಗೊತ್ತಿಲ್ಲ. ಡೈರೆಕ್ಟರಿಗೂ ಗೊತ್ತಿಲ್ಲ. ಇಬ್ಬರಲ್ಲಿ ಒಬ್ಬರು ಪಂಜರದೊಳಗೆ ಇಣುಕಿದರೆ ಮುಗಿಯಿತು.

"ಸರ್!" ಕಿರುಚಿದೆ. "ಅವನ ಕೈ ನಡುಗ್ತಾ ಉಂಟು! ಒಂದು ಸಲ ಪಂಪು ಒತ್ತಿದರೆ ಗ್ರಾಂಟು ಹೋಯ್ತು!"

ಜೀಪಿನ ಕೀ ಹಾರಿ ಬಂತು!

ಕೀಯನ್ನು ಡ್ರೈವರ್ ಉಮರಬ್ಬನಿಗೆ ಎಸೆದೆ. ಹುಡುಗಿಯನ್ನು ನಾನೇ ಎತ್ತಿಕೊಂಡೆ. ಸೇಸಪ್ಪ ಪಂಪು ಇಳಿಸದೆ ಅಲ್ಲೇ ನಿಂತ.

ಲಾಲ್‌ಬಾಗ್ ದಾಟಿದ್ದು ಗೊತ್ತಾಗಲಿಲ್ಲ. ಹಂಪನಕಟ್ಟೆಯಲ್ಲಿ ಸಿಟಿ ಬಸ್ಸು ಅಡ್ಡ!

"ತೆಗಿಯಾ ನಿನ್ನ ಡಬ್ಬ!" ಉಮರಬ್ಬ ಗರ್ಜಿಸಿದ. ಜೀಪಿನ ಎಡಚಕ್ರ ಚರಂಡಿಯ ಅಂಚು ಸವರಿತು. ನಾನು ಕಣ್ಣು ಮುಚ್ಚಿದೆ... ತೆರೆದಾಗ ಆಸ್ಪತ್ರೆ.

ಮರಳಿ ಬಂದು ಒಂದೇ ಮಾತು ಹೇಳಿದೆ.

"ಬದುಕ್ತಾಳಂತೆ."

ಸೇಸಪ್ಪ ಪಂಪು ನೆಲಕ್ಕಿಟ್ಟು ಓಡಿದ. ಡೈರೆಕ್ಟರ್ ಪಂಜರಕ್ಕೆ ಹಾರಿದರು.

"ಅಯ್ಯೋ! ಕೊಂದ! ಪೊಲೀಸರನ್ನು ಕರೆಯಿರಿ!"

"ಅವನು ಪಂಪು ಒತ್ತಲೇ ಇಲ್ಲ ಸರ್. ಪ್ರಾಜೆಕ್ಟಿಗೆ ಒಳ್ಳೆಯದಾಗಲಿ ಅಂತ ಇಲ್ಲಿ ಸಾಂಬ್ರಾಣಿ ಹಾಕಿದ್ದು ಯಾರು?"

ಡೈರೆಕ್ಟರ್ ಸಾಂಬ್ರಾಣಿಯ ಬೂದಿಯನ್ನು ಕಾಲಿನಿಂದ ಮೇಜಿನಡಿಗೆ ಸರಿಸಿದರು. ಅಷ್ಟರಲ್ಲಿ ಟ್ಯಾಕ್ಸಿಯಲ್ಲಿ ಸಾಹೇಬರು ಬಂದಿಳಿದರು. ಪಂಜರ ನೋಡಿದರು. ಯಾವ ಔಷಧಿಯಿಂದ ಸತ್ತವು ಎಂದು ಕೇಳಿದರು.

"ಸ್ಥಳೀಯ ಹೊಗೆ," ಎಂದೆ, ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ.

ಸಾಹೇಬರ ಕಣ್ಣು ಅರಳಿತು!

ಸಾಂಬ್ರಾಣಿ ಸಂಶೋಧನೆಗೆ ಮೂರು ವರ್ಷದ ಗ್ರಾಂಟು. ಜೊತೆಗೆ ಹೊಸ ಜೀಪು.

ಅದರ ಬಾಗಿಲ ಮೇಲೆ ಡೈರೆಕ್ಟರ್ ದಪ್ಪ ಅಕ್ಷರದಲ್ಲಿ ಬರೆಸಿದರು: "ರೋಗಿಗಳನ್ನು ಹತ್ತಿಸಬಾರದು."