ವಕೀಲರ ಬಾಯಿಗೆ ಬೀಗ

ಮನೆ ಕಟ್ಟುವಾಗ ಇಟ್ಟಿಗೆ ಹೊತ್ತವನು ಅವನು. ಅಣ್ಣ ಗೋಡೆ ಏರಿಸಿದ, ತಮ್ಮ ಕೆಳಗಿನಿಂದ ಇಟ್ಟಿಗೆ ಎಸೆದ, ಇಬ್ಬರೂ ಒಂದೇ ತಂಬಿಗೆಯ ನೀರು ಕುಡಿದರು. ಕಟ್ಟಿ ಮುಗಿದಾಗ ಮನೆ ಅಣ್ಣನ ಹೆಸರಿಗಾಯಿತು. ಅಣ್ಣ ಸತ್ತರೆ ಅತ್ತಿಗೆಯದಾಗುತ್ತದೆ. ಕೈ ಕೆಸರು ಮಾಡಿಕೊಂಡವನು ಒಬ್ಬ, ಮೊಸರು ಉಂಡವರು ಬೇರೆಯವರು. ಅರ್ಧ ಊರಿಗೆ ಬಾಡಿಗೆ ಮನೆ ಹುಡುಕಿಕೊಟ್ಟ ದಲ್ಲಾಳಿ, ತಾನು ಮಾತ್ರ ಇನ್ನೊಬ್ಬರ ದಯೆಯಿಂದ ಮಹಡಿಯ ಕೋಣೆಯಲ್ಲಿ ಬಿದ್ದಿರಬೇಕು. ಇದನ್ನು ನೆನೆದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

ಅತ್ತಿಗೆ ಕೆಟ್ಟವಳಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವಳೋ ಲಾಂಡ್ರಿಯಲ್ಲಿ ದಿನವಿಡೀ ನಿಂತು ದುಡಿದು ಬಂದು, ಅವನ ಪಾಲಿನ ಊಟ ಮುಚ್ಚಿಟ್ಟು ಮಲಗುವವಳು. ಉಣ್ಣುವಾಗ ಅವನಿಗೆ ನಾಚಿಕೆಯಾಗುತ್ತಿತ್ತು. ಆದರೂ ಉಣ್ಣುತ್ತಿದ್ದ, ಹಸಿವಿಗೆಲ್ಲಿಯ ನಾಚಿಕೆ?

ಮೊದಲ ಹೆಜ್ಜೆ ಆಸ್ಪತ್ರೆಯಲ್ಲೇ ಮುಗಿದಿತ್ತು. ಅಣ್ಣ ಎಚ್ಚರ ತಪ್ಪಿ ಮಲಗಿದ್ದಾಗ, ಅತ್ತಿಗೆ ಔಷಧಿ ತರಲು ಕೆಳಗೆ ಹೋದ ಹೊತ್ತು ನೋಡಿ, ಅವನು ಅಣ್ಣನ ಹೆಬ್ಬೆರಳಿಗೆ ಶಾಯಿ ಹಚ್ಚಿ ಉಯಿಲಿನ ಮೇಲೆ ಒತ್ತಿಸಿಕೊಂಡಿದ್ದ. ಮನೆ ತಮ್ಮನಿಗೆ. ಸಾಕ್ಷಿ ಹಾಕಿದ ಇಬ್ಬರೂ ಅವನ ಕೈಯಿಂದ ಬಾಡಿಗೆ ಕೋಣೆ ಪಡೆದವರು. ಬೀದಿಗೆ ಬೀಳುವ ಹೆದರಿಕೆಯಲ್ಲಿ ಬಾಯಿ ಬಿಡುವವರಲ್ಲ. ಅಣ್ಣ ಮತ್ತೆ ಕಣ್ಣು ಬಿಡಲಿಲ್ಲ. ಉಳಿದದ್ದು ಒಂದೇ ಅಡ್ಡಿ. ಅತ್ತಿಗೆ ಕೋರ್ಟಿಗೆ ಹೋದರೆ?

ದೊಡ್ಡ ವಕೀಲರ ಮೆಟ್ಟಿಲು ಹತ್ತುವ ತಾಕತ್ತು ಅವಳಿಗಿರಲಿಲ್ಲ. ಇಲ್ಲದವರಿಗೆ ಆ ಊರಲ್ಲಿದ್ದದ್ದು ಒಂದೇ ಬಾಗಿಲು, ಸೈಕಲ್ ಅಂಗಡಿಯ ಮೇಲಿನ ಕಚೇರಿ. ಹಿರಿಯ ವಕೀಲೆಯೊಬ್ಬರು ಆಗಷ್ಟೇ ಪರೀಕ್ಷೆ ಪಾಸಾದವರನ್ನು ಕೂರಿಸಿಕೊಂಡು ಅಲ್ಲಿ ಕೆಲಸ ಕಲಿಸುತ್ತಿದ್ದರು. ಆ ಹೊಸಬರು ಕಲಿಯುತ್ತಲೇ ಬಡವರ ಕೇಸು ನಡೆಸುತ್ತಿದ್ದರು. ಆ ಬಾಗಿಲು ಮುಚ್ಚಿಸಿದರೆ ಮುಗಿಯಿತು. ಮುಚ್ಚಿಸುವ ವಿದ್ಯೆಯನ್ನು ಅವನು ಕಟ್ಟಡದ ಮಾಲೀಕನೊಬ್ಬನಿಂದ ಕಲಿತಿದ್ದ: ವಕೀಲರ ಬಳಿಗೆ ನೀನೇ ಮೊದಲು ಹೋಗಿ ಗುಟ್ಟು ಹೇಳಿಬಿಡು. ಆಮೇಲೆ ಅವರು ನಿನ್ನ ಎದುರಾಳಿಯ ಪರ ನಿಲ್ಲುವಂತಿಲ್ಲ, ಕೇಳಿದ್ದನ್ನು ಆಡುವಂತೆಯೂ ಇಲ್ಲ. ಒಬ್ಬರಿಗೆ ಹೇಳಿದರೆ ಇಡೀ ಕಚೇರಿಗೆ ಹೇಳಿದಂತೆ. ಗುಟ್ಟು ಸಣ್ಣದಾದರೆ ವಕೀಲರನ್ನು ಕಟ್ಟುವ ಗಂಟೂ ಸಡಿಲ. ಆದ್ದರಿಂದ ಹೆಬ್ಬೆಟ್ಟಿನ ಸಂಗತಿಯನ್ನೇ ಹೇಳುವುದೆಂದು ತೀರ್ಮಾನಿಸಿದ. ಅತ್ತಿಗೆಗೆ ಸಿಗಬಹುದಾದ ವಕೀಲರನ್ನೇ ತನ್ನ ಅಪರಾಧಕ್ಕೆ ಕಾವಲು ಕೂರಿಸುವ ಈ ಯೋಚನೆ ಅವನಿಗೆ ಬಹಳ ಹಿಡಿಸಿತು.

ಶನಿವಾರ ಮಧ್ಯಾಹ್ನ ಹೋದ; ಅಂದು ಅತ್ತಿಗೆಗೆ ಲಾಂಡ್ರಿಯಿಂದ ಬಿಡುವು ಸಿಗುತ್ತಿರಲಿಲ್ಲ. ಕೋಣೆ ಗಿಜಿಗುಟ್ಟುತ್ತಿತ್ತು. ಒಂದೊಂದು ಮೇಜಿನ ಹಿಂದೆ ಕಪ್ಪು ಕೋಟು, ಮುಂದೆ ಗೋಳು ಹೇಳಿಕೊಳ್ಳುವ ಒಬ್ಬರು. ಮೂಲೆಯ ಮೇಜಿನಲ್ಲಿ ಕೋಟು ತೊಟ್ಟ ಹೆಂಗಸೊಬ್ಬಳು ಖಾಲಿ ಕೂತಿದ್ದಳು. ಕೋಟು ಅವಳಿಗೆ ದೊಡ್ಡದಾಗಿತ್ತು. ಎಲ್ಲಿಂದಲೋ ಎರವಲು ತಂದ ಬಡಪಾಯಿ ಎಂದುಕೊಂಡು ಕೂತ.

“ನಾನಿಲ್ಲಿ ಹೇಳಿದ್ದು ಹೊರಗೆ ಹೋಗಲ್ಲ ತಾನೆ?”

“ಇಲ್ಲ ಇಲ್ಲ. ಹೇಳಿ, ಏನು ನಿಮ್ಮ ಕಷ್ಟ?”

ಅವನು ಎಲ್ಲವನ್ನೂ ಹೇಳಿದ. ತನ್ನ ಹೆಸರು, ಅತ್ತಿಗೆಯ ಹೆಸರು, ಮನೆಯ ಗುರುತುಗಳನ್ನು ಎರಡೆರಡು ಸಲ ಹೇಳಿದ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

“ಒತ್ತೋವಾಗ ನಿಮ್ಮಣ್ಣನ ಕೈ ಬೆಚ್ಚಗಿತ್ತಾ?”

ಇದೆಂಥ ಪ್ರಶ್ನೆ? “ಬೆಚ್ಚಗಿತ್ತು. ಉಸಿರಿತ್ತು. ಎಚ್ಚರ ಇರಲಿಲ್ಲ ಅಷ್ಟೆ.”

“ಮತ್ತೆ ನಿಮ್ಮತ್ತಿಗೆ ಎಲ್ಲಿಗೆ ಹೋಗ್ತಾರೆ?”

ಈಕೆ ವಕೀಲಿಕೆಯಲ್ಲಿ ಉದ್ಧಾರವಾಗುವುದಿಲ್ಲ ಎಂದು ಅವನಿಗೆ ಖಚಿತವಾಯಿತು. ಎದ್ದು ನಿಂತಾಗ ಅವಳು, “ತುಂಬಾ ಚೆನ್ನಾಗಿ ಹೇಳಿದ್ರಿ. ನಂಗೆ ನಿಜವಾಗ್ಲೂ ನಿಮ್ಮ ಮೇಲೆ ಸಿಟ್ಟು ಬಂತು” ಅಂದಳು. ಹೊಸಬರಿಗೆ ಮಾತಾಡುವ ರೀತಿಯನ್ನೂ ಕಲಿಸಿಲ್ಲವಲ್ಲ ಎಂದು ಮೆಟ್ಟಿಲಿಳಿಯುತ್ತ ಒಳಗೊಳಗೇ ನಕ್ಕ.

ಮರುವಾರ ಉಯಿಲನ್ನು ಅತ್ತಿಗೆಯ ಮುಂದಿಟ್ಟ. ಅವಳು ಅಳಲಿಲ್ಲ, ಕೂಗಾಡಲಿಲ್ಲ. “ಇದು ನಿಮ್ಮಣ್ಣ ಮಾಡಿದ್ದಲ್ಲ ಅಂತ ನಿಂಗೂ ಗೊತ್ತು. ನಾನೆಲ್ಲಿಗೆ ಹೋಗ್ಲಿ, ನೀನೇ ಹೇಳು” ಅಂದಳು. ಅವನು ತಾನೇ ಇಟ್ಟಿಗೆ ಕೊಟ್ಟ ಗೋಡೆಯನ್ನು ನೋಡುತ್ತ ನಿಂತ. ಪತ್ರವನ್ನು ಹರಿದುಹಾಕಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಹರಿದರೆ ಮತ್ತೆ ಅದೇ ಮಹಡಿಯ ಕೋಣೆ, ಅದೇ ಮುಚ್ಚಿಟ್ಟ ಊಟ. ಅವನ ಕೈ ಏಳಲಿಲ್ಲ.

ಅವಳು ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತು, ಆಮೇಲೆ ಕಂಬಿ ಹಿಡಿದು ಮೇಲೆ ಹೋದದ್ದನ್ನು ಎದುರು ಬದಿಯಿಂದ ನೋಡಿದ. ಇಳಿದು ಬಂದಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಬಾಗಿಲು ಮುಚ್ಚಿತು ಎಂದುಕೊಂಡ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಆದರೆ ಬಿಟ್ಟ ಬಾಣ ತಿರುಗಿ ಬರುತ್ತದೆಯೇ?

ಕೋರ್ಟಿನಲ್ಲಿ ಅತ್ತಿಗೆಯ ಪಕ್ಕದಲ್ಲಿ ಆ ಹಿರಿಯ ವಕೀಲೆಯೇ ನಿಂತಿದ್ದನ್ನು ಕಂಡು ಅವನು ಬೆಚ್ಚಿದ. ಮರುಕ್ಷಣವೇ ಧೈರ್ಯ ಬಂತು. ಇದಕ್ಕಲ್ಲವೇ ತಾನು ಬೀಗ ಹಾಕಿಟ್ಟಿದ್ದು? ತನ್ನ ವಕೀಲ ತೋಳು ಜಗ್ಗಿದರೂ ಕೇಳದೆ ಎದ್ದ.

“ಇವರು ನನ್ನ ಎದುರು ನಿಲ್ಲೋ ಹಾಗಿಲ್ಲ. ಈ ಕೇಸಿನ ಬಗ್ಗೆ ಇವರ ಕಚೇರಿಗೆ ನಾನೇ ಮೊದಲು ಹೋಗಿ ಎಲ್ಲಾ ಹೇಳಿದೀನಿ.”

“ಯಾರ ಹತ್ರ ಹೇಳಿದ್ರಿ?” ನ್ಯಾಯಾಧೀಶರು ಕೇಳಿದರು.

ಕೊನೆಯ ಬೆಂಚಿನಲ್ಲಿ ಆ ಹೆಂಗಸು ಕೂತಿದ್ದಳು. ಅವನು ಕೈ ಚಾಚಿ ತೋರಿಸಿದ. “ಇವರೇ.”

ಅವಳು ಎದ್ದು ನಿಂತಳು. “ನಾನು ವಕೀಲೆ ಅಲ್ಲ ಸರ್, ಪಕ್ಕದ ಬೀದೀಲಿ ಬಟ್ಟೆ ಹೊಲೀತೀನಿ. ಇವರು ಹೇಳಿದ್ದು ನಿಜ. ಎಲ್ಲಾ ನಂಗೇ ಹೇಳಿದ್ರು. ಇವರೂ ಕಲಿಯೋಕೆ ಬಂದ ವಕೀಲರೇ ಅಂದ್ಕೊಂಡೆ. ಅಷ್ಟು ಚೆನ್ನಾಗಿ ಹೇಳಿದೋರು ಯಾರು ಅಂತ ಆಮೇಲೆ ಕೇಳಿದ್ರೆ, ಅಲ್ಲಿ ಯಾರಿಗೂ ಇವರ ಗುರುತಿಲ್ಲ.” ಅವನು ಅತ್ತಿಗೆಯ ಕಡೆ ನೋಡಿದ, ಅವಳು ತಲೆ ತಗ್ಗಿಸಿದ್ದಳು. ಕೂರಬೇಕೋ ಓಡಬೇಕೋ ತಿಳಿಯದೆ, ಚಾಚಿದ ಕೈಯನ್ನು ಇಳಿಸುವುದಕ್ಕೂ ಆಗದೆ ನಿಂತ. ಕಷ್ಟ ಹೇಳಿಕೊಳ್ಳುವುದು ಎಷ್ಟು ಕಷ್ಟವೆಂದು ಹೊಸಬರಿಗೆ ತಿಳಿಯಲಿ ಎಂದು, ಆ ಕಚೇರಿಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಕುರ್ಚಿಗಳು ಅದಲುಬದಲಾಗುತ್ತಿದ್ದವು: ಹೊಸ ವಕೀಲರು ಮೇಜಿನ ಈಚೆ ಕೂತು ಕಟ್ಟುಕತೆಯ ಗೋಳು ಹೇಳುತ್ತಿದ್ದರು, ನೆರೆಹೊರೆಯವರು ಅವರ ಕೋಟು ತೊಟ್ಟು ಕೇಳುತ್ತಿದ್ದರು. ಅಂದು ಕೋಟು ತೊಟ್ಟವರಲ್ಲಿ ಒಬ್ಬರೂ ವಕೀಲರಾಗಿರಲಿಲ್ಲ.