ಎರಡು ತೂತಿನ ಬಿಲ್‌ಗಳು

ಮಂಗಳವಾರ ಬೆಳಿಗ್ಗೆ ಏಳೂ ಹತ್ತಕ್ಕೆ, ಮೂಲೆಮನೆಯ ಊಟದ ಮೇಜಿನ ಮೇಲೆ, ಒಂದು ಸಾಫ್ಟ್‌ವೇರ್ ಸತ್ತದ್ದು ಪತ್ತೆಯಾಯಿತು. ಇದಕ್ಕಿಂತ ಸಣ್ಣ ಸಾವುಗಳಿಗೆ ಚರಿತ್ರೆಯಲ್ಲಿ ಸ್ಮಾರಕಗಳು ಎದ್ದಿವೆ. ಆದ್ದರಿಂದ ಓದುಗರು ಎದ್ದು ನಿಲ್ಲದಿದ್ದರೂ ಕೊಂಚ ನೆಟ್ಟಗೆ ಕೂರಬೇಕೆಂದು ಕೋರಿಕೆ.

ಆ ಮನೆ ಲೆಕ್ಕದಕ್ಕನದು. ಹನ್ನೊಂದು ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಕೂತು ಬರೆಯುವ, ಅರವತ್ತೆರಡು ದಾಟಿದ ಹೆಂಗಸು. ಮೂವತ್ತೊಂದು ವರ್ಷದಲ್ಲಿ ಒಂದು ಅಂಕಿ ಆಚೀಚೆ ಆಗಿಲ್ಲ ಎಂಬುದೇ ಅವರ ಹೆಸರು, ಅದೇ ಬಂಡವಾಳ, ಮಾತುಮಾತಿಗೂ ಬರುವ ಪಲ್ಲವಿಯೂ ಅದೇ. ಜೊತೆಗಿದ್ದವಳು ತಂಗಿ. ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದು ಅಡುಗೆಮನೆ ಸೇರಿದವಳು. ಅಕ್ಕನಿಗೆ ಬೀದಿಯವರು ಬಹುವಚನ ಕೊಡುತ್ತಿದ್ದರು. ತಂಗಿಗೆ ಏಕವಚನವೇ ಸಾಕಾಗಿತ್ತು. ಊಟದ ಮೇಜನ್ನು ಕಂಪ್ಯೂಟರು, ಫೈಲುಗಳು ಮತ್ತು ಬಿಲ್ ಚುಚ್ಚಿಡುವ ಹನ್ನೊಂದು ಕಬ್ಬಿಣದ ತಂತಿಗಳು ಆಕ್ರಮಿಸಿ ಹದಿನೇಳು ವರ್ಷವಾಗಿತ್ತು. ಅಕ್ಕತಂಗಿಯರು ಅಡುಗೆಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಿದ್ದರು.

ಒಂದು ತಿಂಗಳಿಂದ ಆ ಮನೆಯಲ್ಲಿ ಒಂದೇ ಚರ್ಚೆ: ಯಾವ ಸಾಫ್ಟ್‌ವೇರ್? ಈಗಿರುವ ಹಳೇದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಆರು ವರ್ಷ. ನೀಲಿ ಬಣ್ಣದ್ದು ಅಗ್ಗ. ಹಸಿರು ಬಣ್ಣದ್ದು ದುಬಾರಿ. ಆದರೆ ಯಾವ ಅಂಕಿಯನ್ನು ಯಾವಾಗ ತಿದ್ದಿದರೂ ಅದು ಬರೆದಿಟ್ಟುಕೊಳ್ಳುತ್ತದೆ. ನಾಲ್ಕು ಶಾಖೆಗಳ ಔಷಧಿ ಅಂಗಡಿಯ ಯಜಮಾನರಿಗೆ ಬೇಕಾದದ್ದೂ ಅದೇ. ತಿದ್ದಿದ್ದು ಕಾಣುವಂತಿದ್ದರೆ ಮಾತ್ರ ನಮ್ಮ ಲೆಕ್ಕ ನಿಮ್ಮ ಹತ್ತಿರ, ಶುಕ್ರವಾರ ಬಂದು ನೋಡುತ್ತೇನೆ ಎಂದಿದ್ದರು. ಮನೆಯ ಅರ್ಧ ಆದಾಯ ಅವರದೇ. ಹಾಗಾಗಿ ಲೆಕ್ಕದಕ್ಕ ಮೂರು ವಾರದಿಂದ, ಬಂದ ಬಿಲ್‌ಗಳನ್ನೆಲ್ಲ ಪರೀಕ್ಷೆಗೆಂದು ಹಸಿರಿಗೇ ಏರಿಸುತ್ತಿದ್ದರು.

ಈಗ ಪರದೆ ಖಾಲಿ. "ಸ್ವಾಗತ. ನಿಮ್ಮ ಮೊದಲ ಗ್ರಾಹಕರನ್ನು ಸೇರಿಸಿ" ಎಂದು ಹಲ್ಲು ಕಿರಿಯುತ್ತಿತ್ತು.

ಲೆಕ್ಕದಕ್ಕ ವಾಕಿಂಗಿನ ಚಪ್ಪಲಿಯನ್ನೂ ಬಿಚ್ಚದೆ ನಿಂತಿದ್ದರು.

"ಹೋಗೇ, ಇನ್ಸ್‌ಪೆಕ್ಟರನ್ನ ಕರ್ಕೊಂಡು ಬಾ," ಎಂದರು.

* * *

ಎದುರುಮನೆಯ ಇನ್ಸ್‌ಪೆಕ್ಟರು ಪೊಲೀಸಿನವರಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ತಕ್ಕಡಿ ಪರೀಕ್ಷೆ ಮಾಡಿ ನಿವೃತ್ತರಾದವರು. ಸೇವಾವಧಿಯಲ್ಲಿ ಅವರು ಹಿಡಿದ ಅತಿ ದೊಡ್ಡ ಅಪರಾಧಿ, ನಲವತ್ತು ಗ್ರಾಂ ಕಡಿಮೆಯಿದ್ದ ಒಂದು ಕಿಲೋ ಕಲ್ಲು. ಆದರೂ ಬಿರುದು ಬಿರುದೇ.

"ಏನೂ ಮುಟ್ಟಿಲ್ಲ ತಾನೇ?"

"ಮುಟ್ಟೋಕೆ ಏನು ಉಳಿದಿದೆ ಇಲ್ಲಿ?"

"ಕೊನೇ ಸಲ ಸರಿಯಾಗಿದ್ದಿದ್ದು ಯಾವಾಗ?"

"ನಿನ್ನೆ ಸಂಜೆ ಏಳಕ್ಕೆ. ನಾನೇ ಮುಚ್ಚಿ ಎದ್ದೆ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ಗುಟ್ಟು."

"ಎಲ್ಲಿ ಬರೆದಿಟ್ಟಿದೀರಿ?"

"ಪರದೆ ಮೇಲೇ ಅಂಟಿಸಿದೀನಲ್ಲ, ಕಾಣಲ್ವಾ?"

ಇನ್ಸ್‌ಪೆಕ್ಟರು ಕನ್ನಡಕ ಒರೆಸಿಕೊಂಡರು. "ನಿನ್ನೆ ಯಾರ್ಯಾರು ಬಂದಿದ್ರು?"

"ಮಧ್ಯಾಹ್ನ ಹಸಿರು ಕಂಪನಿ ಡೆಮೊ ಮೇಡಂ. ತಿದ್ದಿದ್ದೆಲ್ಲ ಹೇಗೆ ಪಟ್ಟಿಯಾಗಿ ಬರುತ್ತೆ, ಶುಕ್ರವಾರ ತೋರಿಸ್ತೀನಿ ಅಂತ ಹೇಳಿ ಹೋದ್ರು. ನಾನು ತಿದ್ದಿದ್ದಿದ್ರೆ ತಾನೇ ಬರೋದು, ಖಾಲಿ ಪಟ್ಟಿ ನೋಡ್ಬೇಕಾಗುತ್ತೆ ಅಂದೆ."

ಚಹಾ ತಂದಿದ್ದ ತಂಗಿ, ಇನ್ಸ್‌ಪೆಕ್ಟರಿಗೆ ಕೊಡಬೇಕಾದ ಲೋಟವನ್ನು ಅಕ್ಕನಿಗೆ ಕೊಟ್ಟು, ಮತ್ತೆ ತೆಗೆದುಕೊಂಡು ಅವರಿಗೆ ಕೊಟ್ಟಳು.

"ಸಂಜೆ ಹಾರ್ಡ್‌ವೇರ್ ಅಂಗಡಿಯವರು," ಲೆಕ್ಕದಕ್ಕ ಮುಂದುವರಿಸಿದರು. "ಹತ್ತು ನಿಮಿಷ ಇಲ್ಲೇ ಒಬ್ಬರೇ ಕೂತಿದ್ರು. ಅವರಿಗೆ ಹಸಿರು ಕಂಡ್ರೆ ಆಗಲ್ಲ. ಇದನ್ನ ಸ್ವಲ್ಪ ಹಿಂದಿನ ತಾರೀಖಿಗೆ ಹಾಕಿ ಅಂತ ತಿಂಗಳಿಗೆ ನಾಲ್ಕು ಸಲ ಕೇಳೋರು. ಹಸಿರಿನಲ್ಲಿ ಅದೆಲ್ಲ ನಡೆಯಲ್ವಲ್ಲ."

"ಕಾರಣ ಇದೆ, ಅವಕಾಶ ಇದೆ, ಪಾಸ್‌ವರ್ಡೂ ಇದೆ," ಎಂದು ಇನ್ಸ್‌ಪೆಕ್ಟರು ಚಹಾ ಮುಗಿಸಿದರು. ಇಷ್ಟು ಸುಲಭದ ಕೇಸು ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅದೂ ಒಂದು ಅಪಶಕುನವೇ.

* * *

ಹಾರ್ಡ್‌ವೇರ್ ಅಂಗಡಿಯವರು ಮೊಳೆ ತೂಗುತ್ತಿದ್ದರು. ಇನ್ಸ್‌ಪೆಕ್ಟರನ್ನು ಕಂಡೊಡನೆ, ಹಳೆಯ ಅಭ್ಯಾಸಬಲದಿಂದ, ಇನ್ನೆರಡು ಮೊಳೆ ಹೆಚ್ಚಿಗೆ ಹಾಕಿದರು.

"ನಿನ್ನೆ ಲೆಕ್ಕದಕ್ಕನ ಮನೇಲಿ ಪಾಸ್‌ವರ್ಡ್ ನೋಡಿದ್ರಂತೆ?"

"ಅದು ಹಾಲಿನವಳಿಗೂ ಗೊತ್ತು ಸ್ವಾಮಿ."

"ನಿಮಗೆ ಹಸಿರು ಬೇಡ."

"ಬೇಡ. ಅದಕ್ಕೇ ಬೇರೆಯವರನ್ನ ಗೊತ್ತು ಮಾಡ್ಕೊಂಡು ಹತ್ತು ದಿನ ಆಯ್ತು. ಮುಂದಿನ ತಿಂಗಳಿಂದ ನನ್ನ ಲೆಕ್ಕ ಅಲ್ಲಿಲ್ಲ. ಅದನ್ನ ಹೇಳೋಕೇ ನಿನ್ನೆ ಹೋಗಿದ್ದು."

"ಹೇಳಿದ್ರಾ?"

"ಎಲ್ಲಿ? ಆಕೆ ಬಂದು ಕೂತವರೇ, ಮೂವತ್ತೊಂದು ವರ್ಷ ಅಂತ ಶುರು ಮಾಡಿದ್ರು. ಬಾಯಿ ಕಟ್ಟಿಹೋಯ್ತು. ನೀವೇ ಹೇಳ್ಬಿಡಿ, ಪುಣ್ಯ ಬರುತ್ತೆ."

ಬಿಟ್ಟುಹೋಗುವ ಮನೆಗೆ ಯಾರೂ ಬೆಂಕಿ ಇಡುವುದಿಲ್ಲ. ಇನ್ಸ್‌ಪೆಕ್ಟರು ಆರೋಪಿಯೊಬ್ಬನನ್ನು ಕಳೆದುಕೊಂಡು, ಹೇಳಬೇಕಾದ ಕೆಟ್ಟ ಸುದ್ದಿಯೊಂದನ್ನು ಹೊತ್ತುಕೊಂಡು ಹೊರಬಂದರು.

* * *

ಡೆಮೊ ಮೇಡಂ ಕಚೇರಿ ಎರಡನೇ ಮಹಡಿಯಲ್ಲಿತ್ತು. ಆಕೆ ನಕ್ಕರು; ನಗುವುದಕ್ಕೂ ಸಂಬಳವಿತ್ತು.

"ಹಸಿರಿನಲ್ಲಿ ಯಾವುದೂ ಅಳಿಸಿಹೋಗಲ್ಲ ಸರ್. ಅಳಿಸಿದ್ರೂ ತೊಂಬತ್ತು ದಿನ ನಮ್ಮ ಹತ್ರ ಪ್ರತಿ ಇರುತ್ತೆ. ವಾಪಸ್ ತರಿಸ್ತೀನಿ."

"ಅಳಿಸಿದ್ದು ಎಷ್ಟು ಹೊತ್ತಿಗೆ?"

"ಇವತ್ತು ಬೆಳಿಗ್ಗೆ ಆರೂ ಇಪ್ಪತ್ತೆರಡಕ್ಕೆ. ಅವರ ಮನೆ ಕಂಪ್ಯೂಟರಿಂದಲೇ." ಕೀಲಿಗಳನ್ನು ಒತ್ತುತ್ತ ಹುಬ್ಬು ಗಂಟಿಕ್ಕಿದರು. "ಸರ್, ಇನ್ನೊಂದು ವಿಚಿತ್ರ. ಮೂರು ವಾರದಲ್ಲಿ ಇನ್ನೂರ ಹದಿನಾಲ್ಕು ಅಂಕಿ ತಿದ್ದಿದಾರೆ. ಎಲ್ಲಾ ಬೆಳಿಗ್ಗೆ ಆರರಿಂದ ಏಳರ ಒಳಗೆ."

ಆರರಿಂದ ಏಳು ಲೆಕ್ಕದಕ್ಕ ವಾಕಿಂಗ್ ಹೋಗುವ ಹೊತ್ತು. ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದದ್ದೇ ಅದನ್ನು ನೋಡಿ.

ಯಾರೋ ಲೆಕ್ಕ ತಿದ್ದಿ ಹಣ ಹೊಡೆದಿದ್ದಾರೆ, ಸಿಕ್ಕಿಬೀಳುತ್ತೇನೆಂದು ಅಳಿಸಿದ್ದಾರೆ. ಇನ್ಸ್‌ಪೆಕ್ಟರಿಗೆ ನಿವೃತ್ತಿಯಾದ ಮೇಲೆ ಮೊದಲ ಬಾರಿಗೆ ಮೈ ಬಿಸಿಯಾಯಿತು. ತಿದ್ದುಪಡಿಯ ಪಟ್ಟಿಯನ್ನು ಮುದ್ರಿಸಿಕೊಂಡು ಮೂಲೆಮನೆಗೆ ನಡೆದರು.

* * *

ಲೆಕ್ಕದಕ್ಕ ಬ್ಯಾಂಕಿಗೆ ಹೋಗಿದ್ದರು. ಇನ್ಸ್‌ಪೆಕ್ಟರು ಮೇಜಿನ ಮುಂದೆ ಕೂತು ಪಟ್ಟಿಯನ್ನೂ ತಂತಿಯ ಬಿಲ್‌ಗಳನ್ನೂ ಒಂದೊಂದಾಗಿ ತಾಳೆ ನೋಡಿದರು. ಬಿಲ್ಲಿನಲ್ಲಿ 836. ಮೊದಲು ಏರಿಸಿದ್ದು 863. ಬೆಳಿಗ್ಗೆ ಆರೂ ಹತ್ತಕ್ಕೆ ತಿದ್ದಿದ್ದು 836. ಮುಂದಿನದು, ಬಿಲ್ಲಿನಲ್ಲಿ 1,290. ಏರಿಸಿದ್ದು 1,920. ತಿದ್ದಿದ್ದು 1,290.

ಮೂವತ್ತು ನೋಡಿದರು. ಐವತ್ತು ನೋಡಿದರು. ಮೈ ತಣ್ಣಗಾಯಿತು. ಈ ಕಳ್ಳ ಸುಳ್ಳನ್ನು ತಿದ್ದಿ ನಿಜ ಮಾಡಿದ್ದ.

ಆಮೇಲೆ ಕಣ್ಣಿಗೆ ಬಿದ್ದದ್ದು ತೂತುಗಳು. ಲೆಕ್ಕದಕ್ಕನ ನಿಯಮ ಬೀದಿಗೆಲ್ಲ ಬಾಯಿಪಾಠ: ಏರಿಸು, ಚುಚ್ಚು, ಮತ್ತೆ ಮುಟ್ಟಬೇಡ. ಹಾಗಿದ್ದರೆ ಬಿಲ್ಲಿಗೊಂದೇ ತೂತು ಇರಬೇಕು. ಇಲ್ಲಿ ಪ್ರತಿಯೊಂದಕ್ಕೂ ಎರಡು. ಕಬ್ಬಿಣದ ತೂಕದ ಕಲ್ಲಿನ ತಳದಲ್ಲಿ ಸೀಸ ತುಂಬಿ ಇಲಾಖೆ ಮುದ್ರೆ ಒತ್ತುತ್ತದೆ. ಮುದ್ರೆ ಜೋಡಿಯಾಗಿ ಕಂಡರೆ ಯಾರೋ ಸೀಸ ತೆಗೆದು ಮತ್ತೆ ತುಂಬಿದ್ದಾರೆಂದರ್ಥ. ಇನ್ಸ್‌ಪೆಕ್ಟರಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ಇವತ್ತು ಅದು ಬರದಿದ್ದರೂ ಆಗುತ್ತಿತ್ತು ಎನಿಸಿತು.

ಅಟ್ಟದಿಂದ ಹಳೆಯ ಡಬ್ಬಗಳನ್ನು ಇಳಿಸಿದರು. ಹೋದ ವರ್ಷ, ಎರಡು ತೂತು. ಅದರ ಹಿಂದಿನ ವರ್ಷವೂ ಎರಡು. ನಾಲ್ಕು ವರ್ಷದ ಹಿಂದಕ್ಕೆ ಹೋದಾಗ ಒಂದು ಮಾರ್ಚ್ ತಿಂಗಳಿನಲ್ಲಿ ಎರಡು ತೂತು ನಿಂತವು. ಅದರಾಚೆಗೆ ಎಲ್ಲ ಬಿಲ್‌ಗಳಿಗೂ ಒಂದೇ ತೂತು.

"ಹೊರಗೆ ಕೂತ್ಕೊಳ್ಳಿ, ಗುಡಿಸ್ಬೇಕು," ಎಂದಳು ತಂಗಿ, ಬಾಗಿಲಲ್ಲಿ ನಿಂತು.

"ಮಾರ್ಚಿನಲ್ಲಿ ಏನಾಯ್ತು ತಂಗ್ಯಮ್ಮ?"

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅದು ಜಾರಿತು. ಮತ್ತೆ ಒರಗಿಸಿದಳು.

"ಹಾಲಿನ ಲೆಕ್ಕ," ಎಂದಳು. "ಮೂವತ್ತಾರು ಲೀಟರ್. ಅಕ್ಕ ಅರವತ್ಮೂರು ಅಂತ ಬರೆದು ದುಡ್ಡು ಕೊಟ್ಲು. ಹಾಲಿನವಳು ನಗ್ತಾ ವಾಪಸ್ ತಂದುಕೊಟ್ಲು. ಮಾರನೇ ದಿನ ಅಕ್ಕ ವಾಕಿಂಗ್ ಹೋದಾಗ ತಂತಿಯಿಂದ ಬಿಲ್ ತೆಗೆದು ನೋಡ್ದೆ. ಒಂದೇ ದಿನದಲ್ಲಿ ಮೂರು ತಪ್ಪು."

"ಈಗ?"

"ಹತ್ತು. ಕೆಲವು ದಿನ ಹದಿನೈದು."

"ಅವರಿಗೆ ಹೇಳ್ಬಹುದಿತ್ತು."

"ಏನಂತ? ಮೂವತ್ತೊಂದು ವರ್ಷ ಒಂದೇ ಮಾತು ಹೇಳ್ಕೊಂಡು ಬದುಕಿದಾಳೆ. ಆ ಮಾತು ಕಿತ್ಕೊಂಡ್ರೆ ಇನ್ನೇನಿದೆ ಅವಳ ಹತ್ರ? ಹಳೇದು ಒಳ್ಳೇದಿತ್ತು. ತಿದ್ದಿದ್ರೆ ಸುಮ್ನಿರ್ತಿತ್ತು. ತಿಂಗಳಿಂದ ಅಕ್ಕ ಆಡ್ತಿದ್ದ ಸಾಫ್ಟ್‌ವೇರ್ ಮಾತು ನನ್ನ ತಲೆಗೇ ಹತ್ತಿರ್ಲಿಲ್ಲ; ಈ ಹಸಿರು ಚಾಡಿ ಹೇಳುತ್ತೆ ಅಂತ ನಿನ್ನೆ ಮೇಡಂ ಹೇಳೋವರೆಗೂ ನಂಗೆ ಗೊತ್ತಾಗ್ಲಿಲ್ಲ."

"ನೀವೇ ಲೆಕ್ಕ ಬರೀಬಹುದಲ್ಲ?"

"ನಂಗೆ ಲೆಕ್ಕ ಬರಲ್ಲ. ಈ ಕಾಗದದ ಅಂಕಿ, ಆ ಪರದೆಯ ಅಂಕಿ, ಎರಡೂ ಒಂದೇನಾ ಅಂತ ನೋಡೋಕೆ ಬರುತ್ತೆ ಅಷ್ಟೆ. ಈ ಪಟ್ಟಿ ಒಲೆಗೆ ಹಾಕ್ತೀನಿ, ಕೊಡಿ."

ಇನ್ಸ್‌ಪೆಕ್ಟರು ಪಟ್ಟಿ ಚಾಚಿದರು. ನಡುವೆ ಇನ್ನೊಂದು ಕೈ ಬಂದು ತೆಗೆದುಕೊಂಡಿತು.

ಲೆಕ್ಕದಕ್ಕ ಎಷ್ಟು ಹೊತ್ತಿನಿಂದ ಹಿಂದೆ ನಿಂತಿದ್ದರೋ ತಿಳಿಯಲಿಲ್ಲ.

"ವಿವರಿಸಿ ಇನ್ಸ್‌ಪೆಕ್ಟರೇ. ಕೇಸು ಒಪ್ಪಿಸಿದ್ದು ನಾನು."

ವಿವರಿಸಿದರು. ಹೊರಗಿನವರು ಯಾರೂ ಬಂದಿಲ್ಲ. ಅಳಿಸಿದ್ದು ಈ ಕಂಪ್ಯೂಟರಿಂದಲೇ. ಆರರಿಂದ ಏಳು ಮನೆಯಲ್ಲಿರುವುದು ಒಬ್ಬರೇ. ತೆಗೆದು ನೋಡಿ ಮತ್ತೆ ಚುಚ್ಚಿದ್ದಕ್ಕೆ ಎರಡು ತೂತು. ತಿದ್ದಿದ್ದೆಲ್ಲ ಬಿಲ್ಲಿಗೆ ಸರಿಹೊಂದುತ್ತದೆ. ಹಣ ಹೋಗಿಲ್ಲ. ಹಾರ್ಡ್‌ವೇರ್ ಅಂಗಡಿಯವರು ಬಿಡುತ್ತಿದ್ದಾರೆ ಎಂಬುದನ್ನೂ, ಹೇಗೂ ಬಾಯಿ ತೆರೆದದ್ದಾಯಿತಲ್ಲ ಎಂದು, ಸೇರಿಸಿದರು.

ಲೆಕ್ಕದಕ್ಕ ಕುರ್ಚಿ ಎಳೆದು ಕೂತರು. ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಸಾಲುಸಾಲಾಗಿ ಓದಿದರು. ಅರ್ಧ ಗಂಟೆ ಹಿಡಿಯಿತು. ಕೊನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿ ಮೊತ್ತ ಇತ್ತು: 214.

"ಇನ್ನೂರ ನಲವತ್ತೊಂದು," ಎಂದರು ಲೆಕ್ಕದಕ್ಕ. "ಇನ್ನೂರ ನಲವತ್ತೊಂದು ತಪ್ಪು, ಅಲ್ವೇನೇ?"

ಇನ್ಸ್‌ಪೆಕ್ಟರು ತಂಗಿಯ ಮುಖ ನೋಡಿದರು. ತಂಗಿ ನೆಲ ನೋಡಿದಳು.

"ಹೂಂ ಅಕ್ಕ," ಎಂದಳು.

* * *

ಶುಕ್ರವಾರ ಔಷಧಿ ಅಂಗಡಿಯ ಯಜಮಾನರು ಹೇಳಿದ ಸಮಯಕ್ಕೆ ಬಂದರು. ಡೆಮೊ ಮೇಡಂ ಹಸಿರನ್ನು ಬದುಕಿಸಿ ತಂದಿದ್ದರು. ಬೇರೆ ಏನನ್ನಾದರೂ ತೋರಿಸಬಹುದಿತ್ತು. ಲೆಕ್ಕದಕ್ಕ ತಿದ್ದುಪಡಿಯ ಪಟ್ಟಿಯನ್ನೇ ತೆರೆದು ಪರದೆಯನ್ನು ಅವರ ಕಡೆ ತಿರುಗಿಸಿದರು. "ಸಾಫ್ಟ್‌ವೇರ್ ಚೆನ್ನಾಗಿದೆ. ನೀವು ಕೇಳಿದ್ದನ್ನೆಲ್ಲ ತೋರಿಸುತ್ತೆ," ಎಂದರು.

ಯಜಮಾನರು ಬಹಳ ಹೊತ್ತು ಓದಿದರು. ಇಂಥ ಪ್ರಾಮಾಣಿಕರು ಈಗ ಎಲ್ಲಿದ್ದಾರೆ ಎಂದು ಹೊಗಳಿದರು. ನೀರು ಕೇಳಿ ಕುಡಿದರು. ಆಮೇಲೆ ನಾಲ್ಕು ಶಾಖೆಗಳ ಫೈಲುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ಚೀಲ ಭಾರವಿತ್ತು, ತಂಗಿ ಗೇಟಿನವರೆಗೆ ಅದರ ಒಂದು ಹಿಡಿಕೆ ಹಿಡಿದುಕೊಂಡಳು.

ಹೊಗಳಿಕೆಯ ಸುದ್ದಿ ಬೀದಿಯಲ್ಲಿ ಹರಡಿತು. ಅದರ ಹಿಂದೆಯೇ ಕಾರಣವೂ ಹರಡಿತು. ತಿಂಗಳ ಕೊನೆಗೆ ಉಳಿದವರೂ ಒಬ್ಬೊಬ್ಬರಾಗಿ, ಬಹುವಚನದಲ್ಲೇ ಮಾತಾಡಿಸಿ, ಫೈಲು ತೆಗೆದುಕೊಂಡು ಹೋದರು. ಖಾಲಿ ತಂತಿಗಳನ್ನು ಹಾರ್ಡ್‌ವೇರ್ ಅಂಗಡಿಯವರು ತೂಕಕ್ಕೆ ಕೊಂಡರು. ಇನ್ಸ್‌ಪೆಕ್ಟರು ನಿಂತು ತೂಕ ನೋಡಿದರು, ಸರಿಯಾಗಿತ್ತು.

ಯಾವ ಸಾಫ್ಟ್‌ವೇರನ್ನೂ ಕೊಳ್ಳಲಿಲ್ಲ. ಅಕ್ಕತಂಗಿಯರು ಈಗ ಮೇಜಿನ ಮುಂದೆ ಕೂತು ಊಟ ಮಾಡುತ್ತಾರೆ.