ಕುಂಕುಮ ಹಚ್ಚಿದ ಚಪ್ಪಡಿ

ರಾಜಾಜಿನಗರ ಆಗಿನ್ನೂ ಹೊಸ ಸುಣ್ಣದ ವಾಸನೆ ಬೀರುತ್ತಿದ್ದ ಐವತ್ತರ ದಶಕ. ಮಳೆನೀರಿನ ಚರಂಡಿಯ ಕೆಲಸ ಒಂದು ಮನೆಯ ಮುಂದೆ ಬಂದು ನಿಂತುಬಿಟ್ಟಿತ್ತು. ಅದು ಗಿರಿಜಾದೇವಿಯ ಮನೆ.

ಚರಂಡಿ ದಾಟಲು ಜನ ಹಾಕಿಕೊಂಡಿದ್ದ ಚಪ್ಪಡಿಗಳನ್ನು ಕೀಳಿಸಿ, ಚರಂಡಿಯನ್ನು ಅಗಲ ಮಾಡಿಸುವುದು ಓವರ್‌ಸಿಯರ್ ಸೋಮಲಿಂಗಪ್ಪನ ಕೆಲಸ. ಸುದ್ದಿ ತಿಳಿದದ್ದೇ ಗಿರಿಜೆಯ ತಾಯಿ ಅಕ್ಕಯ್ಯಮ್ಮ ತಮ್ಮ ಚಪ್ಪಡಿಗೆ ಅರಿಶಿನ ಕುಂಕುಮ ಬಳಿದು ಹೂವೇರಿಸಿದರು. ಕೂಲಿಯವರು ಹಾರೆ ಕೆಳಗಿಟ್ಟು ಕೈಮುಗಿದರು. ಸೋಮಲಿಂಗಪ್ಪನೂ ಮುಗಿದ, ಕಣ್ಣು ಮಾತ್ರ ಕಿಟಕಿಯಲ್ಲಿ ನಿಂತಿದ್ದ ಗಿರಿಜೆಯ ಕಡೆಗಿತ್ತು.

ಅಂದಿನಿಂದ ಚಪ್ಪಡಿಯ ವಿಷಯ ಮಾತಾಡಲು ಅವನು ದಿನವೂ ಬಂದ. ಜಗಲಿಯಲ್ಲಿ ಕೂತು ಕಾಫಿ ಕುಡಿದ. ಲೋಟ ಕೊಡುವ ಗಿರಿಜೆಯ ಬಳೆಗಳನ್ನು ಸರ್ಕಾರಿ ಆಸ್ತಿಯೆಂಬಂತೆ ಶ್ರದ್ಧೆಯಿಂದ ಪರಿಶೀಲಿಸಿದ. ಚಪ್ಪಡಿಯ ಮಾತು ಎತ್ತಲೇ ಇಲ್ಲ.

“ನಾಳೆನೂ ಬಂದು ನೋಡ್ಬೇಕು.”

“ಏನನ್ನ?” ಎಂದಳು ಗಿರಿಜೆ.

“ಕಲ್ಲನ್ನ” ಎಂದ. ಕಿವಿ ಕೆಂಪಾಗಿತ್ತು.

ಗಣೇಶನ ಹಬ್ಬ ಕಳೆದ ಒಂದು ಸಂಜೆ ಮಳೆ ಹೊಯ್ಯಿತು. ಚಪ್ಪಡಿಗೆ ಬಡಿದ ನೀರು ಹಿಂದಿರುಗಿ ಪಕ್ಕದ ಮನೆಯ ಬೋರಮ್ಮನ ಅಡುಗೆಮನೆಗೆ ನುಗ್ಗಿತು. ಬೋರಮ್ಮ ರಾಗಿಹಿಟ್ಟಿನ ಡಬ್ಬಿ ಹೊತ್ತು ಬೀದಿಗೆ ಬಂದರು.

“ಏನಮ್ಮ ಗಿರಿಜಾ, ನಿಮ್ಮನೆ ದೇವರು ನಮ್ಮನೆ ಒಲೆ ಆರಿಸ್ಬಿಟ್ಟನಲ್ಲ!”

ಛತ್ರಿ ಹಿಡಿದು ಓಡಿಬಂದ ಸೋಮಲಿಂಗಪ್ಪನ ಮೇಲೆ ಗಿರಿಜೆ ಹರಿಹಾಯ್ದಳು.

“ಇಷ್ಟು ದಿನ ಏನ್ರೀ ಮಾಡ್ತಿದ್ರಿ?”

“ನಿಮ್ಮ ತಾಯಿಯವರ ಭಕ್ತಿ...”

“ಅಮ್ಮನ ಭಕ್ತಿ ಕಲ್ಲು ಉಳಿಸ್ಕೊಳ್ಳೋಕೆ. ನಿಮ್ಮದು ಯಾತಕ್ಕೆ?”

ಅವನು ಸುರಿಯುವ ಮಳೆಯಲ್ಲೇ ಛತ್ರಿ ಮಡಿಚಿದ.

“ಇದು ಕಿತ್ರೆ ಈ ಬೀದಿ ಕೆಲಸ ಮುಗೀತು. ಆಮೇಲೆ ನನ್ನ ಕೆಂಗೇರಿ ಕಡೆಗೆ ಹಾಕ್ತಾರೆ. ನಿಮ್ಮನ್ನ ನೋಡೋಕೆ ಏನು ನೆಪ ಹೇಳ್ಕೊಂಡು ಬರ್ಲಿ?”

ಗಿರಿಜೆ ಹಣೆ ಚಚ್ಚಿಕೊಂಡಳು. ಒಂದು ಮಾತು ಆಡಲಾರದೆ ಈ ಮಹಾರಾಯ ಬೀದಿಯನ್ನೇ ಮುಳುಗಿಸಿದ್ದ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂಲಿಯವರು ಬಿಟ್ಟುಹೋಗಿದ್ದ ಹಾರೆ ಎತ್ತಿಕೊಂಡಳು.

“ಹಿಡೀರಿ ಇದನ್ನ.”

“ಪೂಜೆ ಮಾಡಿದ ಕಲ್ಲು ಕಣೇ!” ಅಕ್ಕಯ್ಯಮ್ಮ ಒಳಗಿನಿಂದ ಕೂಗಿದರು.

“ಹಿತ್ತಲಲ್ಲಿ ಕೂರಿಸಿ ಮಾಡಮ್ಮ!”

ಇಬ್ಬರೂ ಮೀಟಿದರು. ಕಲ್ಲು ಎದ್ದಿತು. ಬೋರಮ್ಮನ ಹೊಸಿಲಿನಿಂದ ನೀರು ಮೆಲ್ಲಗೆ ಇಳಿಯತೊಡಗಿತು. ಕೆಲಸ ಮುಗಿದರೂ ಹಾರೆಯ ಮೇಲೆ ಅವನ ಕೈ ಅವಳ ಕೈಗೆ ತಾಗಿಕೊಂಡೇ ಇತ್ತು.

“ಭಾನುವಾರ ನಿಮ್ಮ ತಾಯಿನ ಕರ್ಕೊಂಡು ಬನ್ನಿ” ಎಂದಳು ಗಿರಿಜೆ, ಚರಂಡಿಯನ್ನೇ ನೋಡುತ್ತ. “ಕಲ್ಲು ನೋಡೋಕಲ್ಲ, ಹೆಣ್ಣು ನೋಡೋಕೆ.”

“ನಿಜವಾಗ್ಲೂ ಬರಬಹುದಾ?”

“ಅದಕ್ಕೂ ಆರ್ಡರ್ ಬೇಕೇನ್ರೀ?” ಎಂದು ಸಿಡುಕಿದಳು. ಕೈ ಮಾತ್ರ ತೆಗೆಯಲಿಲ್ಲ.